ಸೊನ್ನೆಯನ್ನು ಎಷ್ಟು ಸಲ ಕಳೆದರೂ

ನಮ್ಮ ವಿಡಿಯೊ ತಂಡದಲ್ಲಿ ಅಪ್‌ಲೋಡ್ ಆದ ಪ್ರತಿ ಫೈಲಿನ ಅಗಲ ಮತ್ತು ಎತ್ತರಗಳ ಅನುಪಾತವನ್ನು ಸಂಕ್ಷೇಪಿಸಿ ದಾಖಲಿಸಬೇಕಿತ್ತು. 1920 ಮತ್ತು 1080ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) 120 ಆದ್ದರಿಂದ ಅನುಪಾತ 16:9, ಶಾಲೆಯ ಲೆಕ್ಕ. ಎರಡೂ ಸಂಖ್ಯೆಗಳು ಸಮವಾಗುವವರೆಗೆ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋಗುವ ಪುಟ್ಟ ಲೂಪ್ ಒಂದನ್ನು ನಾನು ಬರೆದೆ. ರಿವ್ಯೂ ಮಾಡಿದ ಸಹೋದ್ಯೋಗಿ, ‘ಕಳೆಯುವುದೇಕೆ, ಭಾಗಿಸಿ ಶೇಷ ತೆಗೆದುಕೊಳ್ಳಿ’ ಎಂದು ಕಮೆಂಟ್ ಹಾಕಿದ್ದರು. ಯೂಕ್ಲಿಡ್ ಹೇಳಿದ್ದೂ ಪದೇ ಪದೇ ಕಳೆಯುವುದನ್ನೇ ಎಂದು ಪಾಂಡಿತ್ಯ ಮೆರೆದು ನಾನು ಮರ್ಜ್ ಮಾಡಿಸಿಕೊಂಡೆ. ಯೂಕ್ಲಿಡನ ಲೆಕ್ಕದಲ್ಲಿ ಸೊನ್ನೆ ಒಂದು ಸಂಖ್ಯೆಯೇ ಆಗಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಒಂದು ಶುಕ್ರವಾರ ಸಂಜೆ, ತುರ್ತು ದೋಷಗಳನ್ನು ನೋಡಿಕೊಳ್ಳುವ ಆನ್‌ಕಾಲ್ ಪಾಳಿಯಲ್ಲಿ ನಾನಿದ್ದಾಗ, ಫೈಲುಗಳನ್ನು ಸಂಸ್ಕರಿಸುವ ಒಂದು ವರ್ಕರ್‌ನ ಸಿಪಿಯು ನೂರಕ್ಕೆ ಏರಿ ಅಲ್ಲೇ ನಿಂತಿತು. ಕೆಲ ನಿಮಿಷಗಳಲ್ಲಿ ಎರಡನೆಯದು, ಅನಂತರ ಮೂರನೆಯದು. ಕಾದು ನಿಂತ ಕೆಲಸಗಳ ಕ್ಯೂ ಬೆಳೆಯುತ್ತಿತ್ತು, ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಲೋಡ್ ಹೆಚ್ಚಾಗಿದೆ ಎಂದು ನಿಶ್ಚಯಿಸಿ ನಾನು ಇನ್ನೂ ನಾಲ್ಕು ವರ್ಕರ್‌ಗಳನ್ನು ಏರಿಸಿದೆ. ಅವೂ ಒಂದರ ಹಿಂದೆ ಒಂದು ಹೋಗಿ ಅದೇ ಹೊಂಡಕ್ಕೆ ಬಿದ್ದವು. ಬ್ರಿಜ್ ಕಾಲ್‌ನಲ್ಲಿ ಮ್ಯಾನೇಜರ್ ಎರಡೆರಡು ನಿಮಿಷಕ್ಕೊಮ್ಮೆ ‘ಇಟಿಎ ಎಷ್ಟು?’ (ಸರಿಯಾಗುವುದು ಯಾವಾಗ) ಎಂದು ಕೇಳುತ್ತಿದ್ದರೆ, ನಾನು ವಿಡಿಯೊ ರೂಪ ಬದಲಿಸುವ ಟ್ರಾನ್ಸ್‌ಕೋಡರ್ ಪೂರೈಸಿದ ವೆಂಡರನ್ನು ದೂರುತ್ತ ಅವರಿಗೆ ಟಿಕೆಟ್ ಬರೆಯುತ್ತಿದ್ದೆ. ಆ ಟಿಕೆಟ್ಟಿಗೆ ಲಗತ್ತಿಸಲೆಂದೇ ತೆಗೆದ ಥ್ರೆಡ್ ಡಂಪಿನಲ್ಲಿ (ಪ್ರೋಗ್ರಾಮ್ ಆ ಕ್ಷಣ ಕೋಡಿನ ಯಾವ ಸಾಲಿನಲ್ಲಿದೆ ಎಂಬ ಚಿತ್ರಣ) ಏಳೂ ವರ್ಕರ್‌ಗಳು ನಿಂತಿದ್ದದ್ದು ಒಂದೇ ಸಾಲಿನಲ್ಲಿ, ಮತ್ತು ಆ ಸಾಲು ನನ್ನದಾಗಿತ್ತು.

ಅರ್ಧಕ್ಕೆ ನಿಂತ ಯಾವುದೋ ರೆಕಾರ್ಡಿಂಗ್ 1920 ಅಗಲ, 0 ಎತ್ತರ ಎಂದು ಬಂದಿತ್ತು. 1920ರಿಂದ ಸೊನ್ನೆಯನ್ನು ಎಷ್ಟು ಸಲ ಕಳೆದರೂ 1920 ಉಳಿಯುತ್ತದೆ. ಲೂಪ್ ಮುಗಿಯುವುದೇ ಇಲ್ಲ. ಒಂದು ವರ್ಕರ್ ಉತ್ತರಿಸದಿದ್ದರೆ ಕ್ಯೂ ಅದೇ ಮೆಸೇಜನ್ನು ಇನ್ನೊಂದಕ್ಕೆ ಕೊಡುತ್ತದೆಯಾದ್ದರಿಂದ ಒಂದೇ ಫೈಲು ಏಳನ್ನೂ ನುಂಗಿತ್ತು. ಪದೇ ಪದೇ ಸೋಲುವ ಮೆಸೇಜನ್ನು ಬದಿಗಿಡುವ ಡೆಡ್ ಲೆಟರ್ ಕ್ಯೂ ಬೇಕೆಂದು ನಾವು ಎರಡು ಸಲ ಕೇಳಿದ್ದೆವು. ಎರಡು ಸಲವೂ ಅದು ‘ಮುಂದಿನ ಸ್ಪ್ರಿಂಟ್’ಗೆ ಹೋಗಿತ್ತು.

ಶೇಷದ ವಿಧಾನದಲ್ಲಿ ಚಿಕ್ಕ ಸಂಖ್ಯೆ ಸೊನ್ನೆಯಾದೊಡನೆ ದೊಡ್ಡದೇ ಉತ್ತರವಾಗುತ್ತದೆ. 1920, 1080ಕ್ಕೆ 840, 240, 120, 0 ಎಂಬ ನಾಲ್ಕು ಶೇಷಗಳು ಸಾಕು. ಚಿಕ್ಕ ಸಂಖ್ಯೆಯ ಅಂಕಿಗಳ ಐದು ಪಟ್ಟಿಗಿಂತ ಹೆಚ್ಚು ಭಾಗಾಕಾರಗಳು ಬೇಕಾಗುವುದಿಲ್ಲವೆಂದು ಫ್ರೆಂಚ್ ಗಣಿತಜ್ಞ ಲಾಮೆ 1844ರಲ್ಲೇ ತೋರಿಸಿದ್ದಾನೆ. ಸೊನ್ನೆ ಬಾರದಿದ್ದರೂ ನನ್ನ ಲೂಪ್ ಎಂದಾದರೊಂದು ದಿನ ಕೈಕೊಡುತ್ತಿತ್ತು: 2147483647 ಮತ್ತು 1 ಕೊಟ್ಟರೆ ಅದು 214 ಕೋಟಿಗೂ ಹೆಚ್ಚು ಸಲ ಕಳೆಯುತ್ತದೆ, ಶೇಷಕ್ಕೆ ಒಂದೇ ಭಾಗಾಕಾರ. ಕೊನೆಗೆ ನಾನು ಎರಡನ್ನೂ ಬರೆಯದೆ ಲೈಬ್ರರಿಯ ಫಂಕ್ಷನ್ನನ್ನೇ ಕರೆದೆ, ಸೊನ್ನೆ ಎತ್ತರದ ಫೈಲನ್ನು ಬಾಗಿಲಲ್ಲೇ ತಿರಸ್ಕರಿಸಿದೆ. ಕಮೆಂಟ್ ಹಾಕಿದ್ದ ಸಹೋದ್ಯೋಗಿಯೇ ಆ ಬದಲಾವಣೆಯನ್ನೂ ರಿವ್ಯೂ ಮಾಡಿದರು, ಏನನ್ನೂ ಹೇಳದೆ ಅಪ್ರೂವ್ ಒತ್ತಿದರು, ಬೈದಿದ್ದರೆ ಹಗುರವಾಗುತ್ತಿತ್ತು.

ಆರ್‌ಸಿಎ (ದೋಷದ ಮೂಲ ಕಾರಣ ದಾಖಲಿಸುವ) ಫಾರ್ಮಿನ ಡ್ರಾಪ್‌ಡೌನಿನಲ್ಲಿ ನೆಟ್‌ವರ್ಕ್, ವೆಂಡರ್, ಇತರೆ ಎಂಬ ಮೂರೇ ಆಯ್ಕೆಗಳಿದ್ದವು. ‘ಇತರೆ’ ಒತ್ತಿದೆ. ಸೋಮವಾರ ಸಪೋರ್ಟ್ ತಂಡದಿಂದ ಹೊಸ ಟಿಕೆಟ್ ಬಂತು: 1366×768ರ ವಿಡಿಯೊಗೆ 16:9 ಬದಲು 683:384 ಎಂದು ತೋರಿಸುತ್ತಿದೆ, ಮ.ಸಾ.ಅ. ಮತ್ತೆ ಕೆಟ್ಟಿದೆ. ಆ ಎರಡರ ಮ.ಸಾ.ಅ. ನಿಜಕ್ಕೂ 2 ಎಂದು ಬರೆದು ಮುಚ್ಚಿದ ಟಿಕೆಟ್ಟನ್ನು ಅವರು ಈಗಾಗಲೇ ಎರಡು ಸಲ ತೆರೆದಿದ್ದಾರೆ.