ಬೆಂಡೆ ಗಿಡ ಬಿದ್ದ ಕೊಪ್ಪರಿಗೆ

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಮಾವನ ಫೋನು ಬಂತು. “ಎಳ್ಳು ಬೀರಕ್ಕೆ ಅಂಗಡಿ ಬೆಲ್ಲ ತರಬ್ಯಾಡ ಕಣ್ಲಾ ಮಗ. ನಾಳೆ ನಮ್ ಕಬ್ಬು ಆಡುಸ್ತಾವ್ರೆ, ಬಾ.”

ಮೈಸೂರಿನಿಂದ ಬೆಳಗಿನ ರೈಲು ಹಿಡಿದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ, ಪಾಂಡವಪುರ ಕಳೆದ ಮೇಲೆ ಎರಡೂ ಕಡೆ ಹಸಿರು. ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂದ ಮೇಲೆ ರಾಗಿ ಸೀಮೆ ಕಬ್ಬಿನ ಸೀಮೆಯಾಯಿತು. ನೀರಿನ ಹಿಂದೆಯೇ ಮೂಟೆಗಟ್ಟಲೆ ಯೂರಿಯಾ ಕೂಡ ಬಂತು.

ಮಾವ ಸ್ಟೇಷನ್ನಿನಿಂದ ಸೀದಾ ಗದ್ದೆಗೆ ಕರೆದೊಯ್ದರು. ಪಕ್ಕದ ಜಮೀನಿನಲ್ಲಿ ಕಬ್ಬು ಕಡಿದು ತರಗಿಗೆ ಬೆಂಕಿ ಇಟ್ಟಿದ್ದರು. ನೆಲ ಕರ್ರಗೆ, ಬಿರುಕು ಬಿಟ್ಟಿತ್ತು. ಮಾವನದು ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರಿದ್ದು. ಸಾಲಿನ ನಡುವೆ ಅದೇ ತರಗನ್ನು ಮೊಣಕಾಲುದ್ದ ಹಾಸಿದ್ದರು. ಕೈ ಹಾಕಿ ಎತ್ತಿದೆ. ಮೇಲೆ ಗರಿಗರಿ, ಕೆಳಗೆ ತೇವ, ಅದರಡಿ ಸಾಸಿವೆಯಂಥ ಎರೆಹುಳುವಿನ ಹಿಕ್ಕೆ. ಮಣ್ಣು ಅವಲಕ್ಕಿಯಷ್ಟು ಹಗುರ. ಮೂಸಿದರೆ ಮೊದಲ ಮಳೆಯ ವಾಸನೆ.

ನೆರಳಲ್ಲಿ ಜೀವಾಮೃತದ ಡ್ರಮ್ಮು. 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, ಅಷ್ಟೇ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ಹುರುಳಿ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ದಿನಕ್ಕೆರಡು ಸಲ ತಿರುವಿದರೆ ಒಂದು ಎಕರೆಗೆ ಸಾಕು. ಗೊಬ್ಬರಕ್ಕಿಂತ ಹೆಚ್ಚಾಗಿ ಇದು ಮಣ್ಣಿನ ಜೀವಾಣುಗಳಿಗೆ ಹಾಕುವ ಹೆಪ್ಪು. ಕಬ್ಬಿನಿಂದ ಬಂದ ಬೆಲ್ಲ ಮತ್ತೆ ಕಬ್ಬಿನ ಬುಡಕ್ಕೇ ಹೋಗುವುದು ನನಗೆ ತುಂಬಾ ಹಿಡಿಸಿತು. ರಾಸಾಯನಿಕ ಗೊಬ್ಬರ ಬಿಟ್ಟ ಮೊದಲ ಎರಡು ವರ್ಷ ಇಳುವರಿ ಕುಸಿದು, ಅತ್ತೆಯ ಬಳೆ ಅಡ ಇಟ್ಟಿದ್ದನ್ನು ಮಾವ ಮುಚ್ಚಿಡಲಿಲ್ಲ. ಸಾವಯವ ಅಂದಕೂಡಲೇ ಲಾಭದ ಮಾತಾಡುವವರು ಈ ಎರಡು ವರ್ಷದ ಮಾತನ್ನೂ ಆಡಬೇಕು.

ಆಲೆಮನೆಯಲ್ಲಿ ಗಾಣ ಶುರುವಾಗಿತ್ತು. ಕೊಪ್ಪರಿಗೆಗೆ ಬಿದ್ದ ಕಬ್ಬಿನ ಹಾಲು ಕೆಸರು ಹಸಿರು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರಿ. ಹಾಲು ಕಾಯುತ್ತಿದ್ದಂತೆ ಸ್ವಲ್ಪ ಸುಣ್ಣದ ತಿಳಿ, ಆಮೇಲೆ ಒಂದು ಬಕೆಟ್ ಲೋಳೆ. ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಹಿಸುಕಿ ತೆಗೆದದ್ದು. ಅದು ಬಿದ್ದದ್ದೇ ತಡ, ಹಾಲಿನೊಳಗಿನ ಕೊಳೆಯೆಲ್ಲ ಗಟ್ಟಿ ನೊರೆಯಾಗಿ ಮೇಲೆದ್ದಿತು. ಪಾಕ ಕಾಯಿಸುವ ಅಜ್ಜ ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಬಾಚಿ ಬಾಚಿ ತೆಗೆದರು. ಕೆಳಗೆ ಜೇನಿನಂಥ ತಿಳಿ.

“ಬೇರೆ ಕಡೆ ಇದಕ್ಕೆ ಏನಾಕ್ತಾರೆ ಅಜ್ಜ?”

“ಹೈಡ್ರೋಸು ಕನಪ್ಪ. ಒಂದ್ ಹಿಡಿ ಪುಡಿ ಎರಚಿದ್ರೆ ಬೆಲ್ಲ ಹಳದಿಗಾಯ್ತದೆ. ಕೊಳ್ಳೋರಿಗೆ ಬಣ್ಣ ಬೇಕಲ್ಲ.”

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತೆಗೆಯುವ ರಾಸಾಯನಿಕ. ಅದರ ಗಂಧಕ ಬೆಲ್ಲದಲ್ಲಿ ಉಳಿಯುತ್ತದೆ. ಬಂದ ಬಣ್ಣವೂ ನಿಲ್ಲದೆ ಕೆಲವು ತಿಂಗಳಲ್ಲಿ ಕಪ್ಪಾಗುತ್ತದೆ. ಗದ್ದೆಯಲ್ಲಿ ವರ್ಷವಿಡೀ ವಿಷ ಸೋಕಿಸದೆ ಬೆಳೆದ ಕಬ್ಬು ಕೊನೆಯ ಎರಡು ಗಂಟೆಯಲ್ಲಿ, ಕೊಪ್ಪರಿಗೆಯಲ್ಲಿ ಕೆಡಬಹುದು. ಕೆಡಿಸುವುದು ಅಂಗಡಿಯಲ್ಲಿ ಬೆಳ್ಳಗಿರುವುದನ್ನೇ ಆರಿಸುವ ನಮ್ಮ ಕಣ್ಣು. ಇಷ್ಟು ವರ್ಷ ನಾನೂ ಹಾಗೇ ಆರಿಸಿದ್ದೇನೆ.

ಪಾಕ ಬುಳುಬುಳು ಉಬ್ಬಿದಾಗ ಅಜ್ಜ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರು. ಗೋಲಿಯಾಯಿತು. “ಇಳಿಸ್ರೋ!” ನಾಲ್ಕು ಜನ ಕೊಪ್ಪರಿಗೆ ಬಗ್ಗಿಸಿ ತೊಟ್ಟಿಗೆ ಸುರಿದು, ಗೋಟಾಯಿಸಿ, ಅಚ್ಚಿಗೆ ತುಂಬಿದರು. ಬಿಸಿ ಬೆಲ್ಲಕ್ಕೆ ಕಾಯಿತುರಿ ಬೆರೆಸಿ ಬಾಳೆ ಎಲೆಯ ತುಂಡಿನಲ್ಲಿ ಕೊಟ್ಟರು. ಸಿಹಿಯ ಹಿಂದೆ ಸಣ್ಣಗೆ ಉಪ್ಪು, ಹೊಗೆ.

ಮನೆಯಲ್ಲಿ ಅಮ್ಮ ಕಂದು ಅಚ್ಚನ್ನು ಅಡಕತ್ತರಿಯಲ್ಲಿ ಚೂರು ಮಾಡುತ್ತ ಒಂದನ್ನು ಬಾಯಿಗೆ ಹಾಕಿಕೊಂಡರು. “ಇನ್ನೆರಡು ಕೆಜಿ ತರಬಾರದಿತ್ತಾ? ಯುಗಾದಿ ಒಬ್ಬಟ್ಟಿಗೂ ಆಗ್ತಿತ್ತು.”