ಹಿರೀಮಗ ಬಾಗಿಲಲ್ಲೇ ನಿಂತಿದ್ದಾಗ

ಯೇಸುವಿನ ವಿಷಯ ಸಾರುವ ಮಿಷನರಿ ಸೇವೆಗೆ ಹೊರಡುವ ಮುಂಚೆ ನಮಗೆ ಏನೇನೋ ಕಲಿಸುತ್ತಾರೆ. ಹೊಸ ಭಾಷೆ ಕಲಿಯುವುದು, ಸಾಕ್ಷಿ ಹೇಳುವುದು (ನಮ್ಮ ನಂಬಿಕೆಯ ಅನುಭವ ಹಂಚಿಕೊಳ್ಳುವುದು), ಜ್ವರ ಬಂದರೆ ಏನು ಮಾಡಬೇಕು, ತಿಂಗಳ ವರದಿ ಹೇಗೆ ತುಂಬಬೇಕು, ಎಲ್ಲ. ಬೇರೆಯವರ ಖುಷಿಯಲ್ಲಿ ಸೇರಿಕೊಳ್ಳುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದನ್ನೇನು ಕಲಿಯುವುದು, ತಾನಾಗೇ ಬರುತ್ತದೆ ಅಂದುಕೊಂಡಿದ್ದೆ ನಾನೂ.

ಒಂದು ಮನೆಗೆ ನಾವು ಎರಡು ವರ್ಷ ಹೋಗಿದ್ದೆವು. ಮನೆಯವರು ಒಳಗೆ ಕರೆದು ಕೂರಿಸುತ್ತಿದ್ದರು, ನಾವು ಹೇಳಿದ್ದನ್ನು ಕೇಳುತ್ತಿದ್ದರು, ಇನ್ನೇನು ಮನಸ್ಸು ಕರಗಿತು ಅನ್ನುವಾಗ ಮಾತು ಮಳೆಯ ಕಡೆ ಹೊರಳುತ್ತಿತ್ತು. ಪ್ರತಿ ಸಲವೂ ಮಳೆ! ಆಮೇಲೆ ಒಂದು ದಿನ ಸುದ್ದಿ ಬಂತು, ಆ ಮನೆಯ ಯಜಮಾನರು ದೀಕ್ಷಾಸ್ನಾನ (ನೀರಿಗಿಳಿದು ಕ್ರೈಸ್ತ ನಂಬಿಕೆಗೆ ಸೇರುವ ವಿಧಿ) ತೆಗೆದುಕೊಳ್ಳುತ್ತಿದ್ದಾರೆ ಅಂತ. ನಮ್ಮ ಸಭೆಯಲ್ಲಲ್ಲ, ಬೇರೆ ತಂಡದವರ ಹತ್ತಿರ. ಆ ತಂಡದವರು ಅವರನ್ನು ಭೇಟಿಯಾಗಿ ಮೂರು ವಾರ ಆಗಿತ್ತಷ್ಟೆ.

ನಮ್ಮನ್ನೂ ಕರೆದಿದ್ದರು. ಹೋದೆ. ಎಲ್ಲರೂ ಚಪ್ಪಾಳೆ ತಟ್ಟಿ ಹಾಡುತ್ತಿದ್ದಾರೆ, ಮಕ್ಕಳು ಕುಣಿಯುತ್ತಿದ್ದಾರೆ, ನಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತು ಎಷ್ಟು ಸಲ ಆ ಮನೆಗೆ ಹೋಗಿದ್ದೆ, ಬಿಸಿಲಲ್ಲಿ ಎಷ್ಟು ನಡೆದಿದ್ದೆ ಅಂತ ಲೆಕ್ಕ ಹಾಕುತ್ತಿದ್ದೆ. ನಮ್ಮ ತಂಡದ ಹಿರಿಯಕ್ಕ ಪಕ್ಕದಲ್ಲಿ ಬಂದು ಮೆಲ್ಲಗೆ ಕೇಳಿದರು: 'ಏನಪ್ಪಾ ಹಿರೀಮಗ, ಒಳಗೆ ಬರಲ್ವಾ?'

ತಮಾಷೆಗೇ ಹೇಳಿದ್ದು. ನನಗೆ ಮಾತ್ರ ಸರಿಯಾಗಿ ನಾಟಿತು. ಬೈಬಲ್ಲಿನ ಲೂಕ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ ಅದು: ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳುಮಾಡಿದ ಕಿರಿಮಗ ಮನೆಗೆ ಮರಳಿದಾಗ ಅಪ್ಪ ಹಬ್ಬ ಮಾಡುತ್ತಾನೆ. ಅದನ್ನು ಎಷ್ಟು ಮನೆಗಳಲ್ಲಿ ಓದಿದ್ದೀನೋ, ಯಾವಾಗಲೂ ಕಿರಿಮಗನ ಕಥೆಯಾಗಿಯೇ ಓದಿದ್ದೆ. ಹಿರಿಯವನು ಎಲ್ಲಿದ್ದ ಅಂತ ನೋಡಿ. ಹೊಲದಲ್ಲಿ. ಕೆಲಸ ಮಾಡುತ್ತಿದ್ದ! ಮನೆಗೆ ಬರುವಾಗ ವಾದ್ಯ, ಕುಣಿತದ ಸದ್ದು ಕೇಳಿಸುತ್ತದೆ, ಏನು ಅಂತ ನೇರವಾಗಿ ಹೋಗಿ ನೋಡದೆ ಆಳನ್ನು ಕರೆದು ವಿಚಾರಿಸುತ್ತಾನೆ. ಇಷ್ಟು ವರ್ಷ ದುಡಿದೆ, ಗೆಳೆಯರ ಜೊತೆ ಹಬ್ಬ ಮಾಡೋಕೆ ನನಗೊಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಅಂತ ಅಪ್ಪನ ಮೇಲೆ ರೇಗುತ್ತಾನೆ. ಸೇವೆಯಲ್ಲಿರುವವರಿಗೆ ಬೀದಿ ಸುತ್ತುವ ಕಿರಿಮಗ ಆಗುವ ಅಪಾಯ ಕಡಿಮೆ, ಹೊಲದಿಂದ ದಣಿದು ಬಂದ ಈ ಅಣ್ಣ ಆಗುವ ಅಪಾಯವೇ ಜಾಸ್ತಿ ಅನ್ನಿಸುತ್ತದೆ ನನಗೆ. ಕೊನೆಗೆ ಅವನು ಒಳಗೆ ಹೋದನಾ ಇಲ್ಲವಾ ಅಂತ ಯೇಸು ಹೇಳುವುದೇ ಇಲ್ಲ. ಅಪ್ಪ ಹೊರಗೆ ಬಂದು ಕರೆಯುತ್ತಿರುತ್ತಾನೆ, ಕಥೆ ಅಲ್ಲಿಗೇ ನಿಲ್ಲುತ್ತದೆ.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಕಥೆಯೂ ನೆನಪಾಯಿತು. ಅವರು 1793ರಲ್ಲಿ ಬಂಗಾಳಕ್ಕೆ ಬಂದರು, ಅವರ ಸೇವೆಯಲ್ಲಿ ಅಲ್ಲಿಯವರೊಬ್ಬರ ಮೊದಲ ದೀಕ್ಷಾಸ್ನಾನ ಆಗಿದ್ದು 1800ರ ಡಿಸೆಂಬರ್‌ನಲ್ಲಿ. ಏಳು ವರ್ಷ! ಆ ಮನುಷ್ಯ ಕೃಷ್ಣ ಪಾಲ್, ಬಡಗಿ. ತೋಳಿನ ಕೀಲು ತಪ್ಪಿತ್ತು, ಅದನ್ನು ಕೂರಿಸಿದ್ದು ಕೇರಿ ಅಲ್ಲ, ಜೊತೆಗಾರ ಡಾಕ್ಟರ್ ಜಾನ್ ಥಾಮಸ್. ಹೂಗ್ಲಿ ನದಿಯಲ್ಲಿ ನೀರಿಗಿಳಿಸಿದ್ದು ಕೇರಿ. ಇದು ಯಾರ ಫಲ ಅಂತ ಯಾವ ಕಾಲಂನಲ್ಲಿ ಬರೆಯುತ್ತೀರಿ? ಬಿತ್ತುವವನೂ ಕೊಯ್ಯುವವನೂ ಕೂಡಿ ಸಂತೋಷಪಡಬೇಕು ಅಂತ ಯೋಹಾನ 4ರಲ್ಲಿ ಇದೆ. ನಾನು ಬಿತ್ತುವುದು, ಕೊಯ್ಯುವುದು ಎರಡನ್ನೂ ಓದಿ 'ಕೂಡಿ' ಅನ್ನುವುದನ್ನು ಬಿಟ್ಟಿದ್ದೆ.

ಇಷ್ಟೆಲ್ಲ ಅಲ್ಲೇ ಹೊಳೆಯಿತು ಅಂದರೆ ಸುಳ್ಳಾಗುತ್ತದೆ. ಆವತ್ತು ನನಗಿದ್ದದ್ದು ಬರೀ ನಾಚಿಕೆ. ಅಕ್ಕ ಕೈ ಹಿಡಿದು ಎಳೆದರು, ಹೋದೆ, ಅಷ್ಟೆ. ಮೊದಮೊದಲು ಸುಮ್ನೆ ತುಟಿ ಆಡಿಸುತ್ತಿದ್ದೆ. ಮೂರನೇ ಹಾಡಿಗೆ ಯಾವುದೋ ಮಗು ಕಾಲು ತುಳಿದು, ನಕ್ಕು, ಮತ್ತೆ ತುಳಿಯಿತು. ಆಮೇಲೆ ಲೆಕ್ಕ ತಪ್ಪಿಹೋಯಿತು.

ಆ ತಿಂಗಳ ವರದಿಯಲ್ಲಿ 'ದೀಕ್ಷಾಸ್ನಾನ' ಅನ್ನುವ ಕಡೆ 0 ಅಂತ ಬರೆದೆ, ಮೊದಲ ಸಲ ಕೈ ಭಾರ ಆಗಲಿಲ್ಲ.

ಹೇಳುವುದು ಮರೆತೆ. ನೀರಿನಿಂದ ಬಂದವರು ಒದ್ದೆ ಬಟ್ಟೆಯಲ್ಲೇ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು ಹೆಂಡತಿಗೆ ತೋರಿಸಿದರು: 'ಇವರು ಗೊತ್ತಲ್ವಾ? ಎರಡು ವರ್ಷ ಮನೆಗೆ ಬರ್ತಾ ಇದ್ರಲ್ಲ, ಪಾಪ, ಮಳೆ ವಿಷಯ ಅಂದ್ರೆ ತುಂಬಾ ಇಷ್ಟ ಇವರಿಗೆ!'