ನಾಯಿಗೆ ಬಿಸಿಲು ಹೊಡೆದರೆ ಮೊದಲು ಬಕೆಟ್, ಆಮೇಲೆ ಕಾರು, ಸಿಬಿಡಿ ಎಣ್ಣೆ ಬೇಡ

ಏಪ್ರಿಲ್ ಬಂತು ಅಂದರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ನಾಯಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಾಯಿಗೆ ಹೀಟ್ ಜಾಸ್ತಿ ಆಗಿದೆ, ಸಿಬಿಡಿ ಎಣ್ಣೆ ನಾಲ್ಕು ಹನಿ ಹಾಕಬಹುದಾ?" ಕೆಳಗೆ ಇನ್ನೊಬ್ಬರು ಗಾಂಜಾ ಗಿಡದಿಂದ ತೆಗೆದ ಆ ಎಣ್ಣೆಯ ಬಾಟಲಿಯ ಫೋಟೋ ಹಾಕುತ್ತಾರೆ. ಮತ್ತೊಬ್ಬರು ಹರಳೆಣ್ಣೆ ಹಚ್ಚಿ ಅನ್ನುತ್ತಾರೆ. ಪ್ರತಿ ಸಲ ಗುಂಪಿನಲ್ಲಿ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೆದು ಇಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ವರ್ಷಗಟ್ಟಲೆ ನಾಯಿ ಸಾಕಿ, ಡಾಕ್ಟರ ಮುಂದೆ ಕೂತು ತಲೆ ತಿಂದು ತಿಳಿದುಕೊಂಡಿದ್ದು ಇದು.

"ಬೆಂಗಳೂರಲ್ಲಿ ಎಂಥಾ ಬಿಸಿಲು, ರಾಯಚೂರಿನವರನ್ನ ಕೇಳಿ" ಅನ್ನುವವರು ಇದ್ದಾರೆ. ನಿಜ, ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇದ್ದೇವೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಡಿಗ್ರಿ ಆಗಿತ್ತು, 2024ರ ಏಪ್ರಿಲ್ ಕೊನೆಯಲ್ಲಿ 38.5. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನಾಯಿಗೆ ಹೀಟ್ ಸ್ಟ್ರೋಕ್ ಆಗಲು 40 ಡಿಗ್ರಿ ಬೇಕಾಗಿಲ್ಲ. ಬ್ರಿಟನ್ನಿನಲ್ಲಿ, ಅಂದರೆ ನಮಗಿಂತ ಎಷ್ಟೋ ತಣ್ಣಗಿರುವ ದೇಶದಲ್ಲಿ, ಪಶುವೈದ್ಯರ ಹತ್ತಿರ ಬಂದ ಕೇಸುಗಳನ್ನು ಲೆಕ್ಕ ಹಾಕಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ನಾಯಿಗಳಿಗೆ ಓಟ, ಆಟ, ವಾಕಿಂಗ್‌ನಿಂದಲೇ ಹೀಗೆ ಆಗಿತ್ತು. ಕಾರಿನಲ್ಲಿ ಬಿಟ್ಟುಹೋಗಿದ್ದರಿಂದ ಆಗಿದ್ದು ಅದರ ಮುಂದೆ ತುಂಬಾ ಕಡಿಮೆ. ಕಾರು ಅಪಾಯ ಅಲ್ಲ ಅಂತ ಇದರ ಅರ್ಥ ಅಲ್ಲ. ಹೊರಗೆ ಹಿತವಾಗಿದ್ದರೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರಿಬಿಡುತ್ತದೆ, ಗಾಜು ಒಂದಿಂಚು ಇಳಿಸಿದರೆ ಏನೂ ಪ್ರಯೋಜನ ಇಲ್ಲ. ಆದರೆ ಸಂಜೆ ಐದಕ್ಕೆ "ಬಿಸಿಲು ಇಳೀತಲ್ಲ" ಅಂತ ಪಾರ್ಕಿನಲ್ಲಿ ಚೆಂಡು ಎಸೆಯುವುದೂ ಅಷ್ಟೇ ಅಪಾಯ, ಅದನ್ನು ಯಾರೂ ಹೇಳುವುದಿಲ್ಲ.

ಕಾರಣ ಸರಳ. ನಮ್ಮ ಹಾಗೆ ನಾಯಿ ಮೈಯೆಲ್ಲಾ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂಚೂರು ಬೆವರುತ್ತದೆ, ಅದು ಲೆಕ್ಕಕ್ಕಿಲ್ಲ. ಅದು ತಣ್ಣಗಾಗುವುದು ನಾಲಿಗೆ ಹೊರಹಾಕಿ ಏದುಸಿರು ಬಿಟ್ಟು, ಬಾಯಿ ಗಂಟಲಿನ ತೇವ ಆರುವುದರಿಂದ. ಗಾಳಿಯಲ್ಲೇ ತೇವ ತುಂಬಿದ್ದರೆ ಇದು ಆರುವುದಾದರೂ ಹೇಗೆ? ಹಾಗಾಗಿ ಮೇ ತಿಂಗಳಲ್ಲಿ ನಾಲ್ಕು ಹನಿ ಮಳೆ ಬಿದ್ದು, ಟಾರ್ ರಸ್ತೆಯಿಂದ ಆವಿ ಏಳುತ್ತಾ ಸೆಖೆ ಶುರುವಾಗುತ್ತದಲ್ಲ, ಆ ಹೊತ್ತು ನನಗೆ ಮಧ್ಯಾಹ್ನಕ್ಕಿಂತ ಜಾಸ್ತಿ ಭಯ.

ಪಗ್ ಅಂತೂ ಇನ್ನೂ ಪಾಪ. ಹಳೇ ಹಚ್ ಮೊಬೈಲ್ ಜಾಹೀರಾತಿನಿಂದಾಗಿ ನಮ್ಮಲ್ಲಿ ಇವತ್ತಿಗೂ "ಹಚ್ ನಾಯಿ" ಅನ್ನುತ್ತಾರಲ್ಲ, ಅದೇ. ಮೂಗೇ ಇಲ್ಲದ ಆ ಮುಖದಲ್ಲಿ ಉಸಿರಿನ ದಾರಿ ಮೊದಲೇ ಇಕ್ಕಟ್ಟು. ಬುಲ್‌ಡಾಗ್, ಶಿಟ್ಜು, ಬಾಕ್ಸರ್ ಕಥೆಯೂ ಅದೇ. ಆಮೇಲೆ ದಪ್ಪ ಆಗಿರುವ ಲ್ಯಾಬ್ರಡಾರ್, ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವುದು, ಮರಿ. ಬೆಂಗಳೂರಿನ ಫ್ಲಾಟಿನಲ್ಲಿ ಹಸ್ಕಿ ಯಾಕೆ ಸಾಕುತ್ತಾರೋ ನನಗಿನ್ನೂ ಅರ್ಥ ಆಗಿಲ್ಲ, ಇರಲಿ.

ಗುರುತು ಹಿಡಿಯುವುದು ಹೇಗೆ? ಬಿಸಿಲಲ್ಲಿ ಎಲ್ಲಾ ನಾಯಿಯೂ ತೇಕುತ್ತದೆ. ನೆರಳಿಗೆ ಬಂದು ನೀರು ಕುಡಿದು ಐದು ಹತ್ತು ನಿಮಿಷದಲ್ಲಿ ಅದು ಇಳಿಯಬೇಕು. ಇಳಿಯದೆ ಇನ್ನೂ ಜೋರಾಗುತ್ತಿದ್ದರೆ, ನಾಲಿಗೆ ಅಗಲವಾಗಿ ಸೌಟಿನ ಹಾಗೆ ಜೋತುಬಿದ್ದಿದ್ದರೆ, ಜೊಲ್ಲು ಅಂಟಂಟಾಗಿ ಎಳೆ ಎಳೆಯಾಗಿ ಬರುತ್ತಿದ್ದರೆ ಎದ್ದೇಳಿ. ತುಟಿ ಎತ್ತಿ ಒಸಡು ನೋಡಿ. ಮೊದಲು ಅದು ಗಾಢ ಕೆಂಪಾಗಿರುತ್ತದೆ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ತಡ ಆದರೆ, ಅಥವಾ ಒಸಡು ಬೂದು, ನೀಲಿ ಬಣ್ಣಕ್ಕೆ ತಿರುಗಿದ್ದರೆ ರಕ್ತದ ಓಟ ಕುಸಿಯುತ್ತಿದೆ ಅಂತ ಅರ್ಥ. ಒಸಡಿನಲ್ಲೋ ಹೊಟ್ಟೆಯ ಚರ್ಮದಲ್ಲೋ ಸೂಜಿ ಚುಚ್ಚಿದಂಥ ಸಣ್ಣ ಕೆಂಪು ಚುಕ್ಕೆ ಕಂಡರೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿದೆ. ವಾಂತಿ, ಭೇದಿ, ಕುಡಿದವರ ಹಾಗೆ ತೂರಾಡುವುದು, ಕರೆದರೆ ತಿರುಗದೇ ಇರುವುದು, ಫಿಟ್ಸ್ ಇವೆಲ್ಲಾ ಮುಂದಿನ ಹಂತ. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ನೋಡಿ: ಆರೋಗ್ಯವಾಗಿರುವ ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ, 105 ದಾಟಿತು ಅಂದರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳುವ ಹೊತ್ತು. ಥರ್ಮಾಮೀಟರ್ ಇಲ್ಲ ಅಂತ ಹುಡುಕುತ್ತಾ ಕೂರಬೇಡಿ, ಲಕ್ಷಣ ಕಂಡರೆ ಸಾಕು.

ನಮ್ಮ ಕೆಳಗಿನ ಮನೆ ಆಂಟಿಯ ಪಗ್ ಗುಂಡನಿಗೆ ಹೋದ ಬೇಸಿಗೆಯಲ್ಲಿ ಹೀಗೇ ಆಯಿತು. ಮೊಮ್ಮಗನ ಜೊತೆ ತಾರಸಿ ಮೇಲೆ ಆಡಿ ಬಂದವನು ಯುಟಿಲಿಟಿಯ ಕಲ್ಲಿನ ಮೇಲೆ ಕಾಲು ನಾಲ್ಕೂ ಚಾಚಿ ಬಿದ್ದಿದ್ದ. ಗೊರ ಗೊರ ಸದ್ದು ಮಾತ್ರ. ಆಂಟಿ ನಲ್ಲಿ ಬಿಟ್ಟರು, ಕೈಯಿಟ್ಟು ನೋಡಿದರೆ ಆ ನೀರೇ ಸುಡುತ್ತಿತ್ತು. ಇದನ್ನು ನೀವೂ ನೆನಪಿಟ್ಟುಕೊಳ್ಳಿ: ಮಧ್ಯಾಹ್ನ ಮೂರಕ್ಕೆ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನೀರಲ್ಲಿ ಸ್ನಾನ ಮಾಡಬಹುದು, ಗೀಸರ್ ಬೇಡ. ನಾಯಿಗೆ ಅದು ಆಗುವುದಿಲ್ಲ. ನಾನು ಸಂಪಿನ ಮುಚ್ಚಳ ತೆಗೆದು ಬಕೆಟ್ ಇಳಿಸಿದೆ. ನೆಲದಡಿಯ ನೀರು, ತಣ್ಣಗಿತ್ತು.

"ಏನಮ್ಮಾ, ಕಾದ ಮೈ ಮೇಲೆ ಹಿಂಗೆ ತಣ್ಣೀರು ಸುರೀತಿದೀಯ, ಶಾಕ್ ಆಗಲ್ವಾ?"

"ಆಗಲ್ಲ ಆಂಟಿ, ನೀವು ಟೇಬಲ್ ಫ್ಯಾನ್ ತನ್ನಿ."

ಈ "ಶಾಕ್" ಹೆದರಿಕೆ ಎಲ್ಲರಿಗೂ ಇದೆ. ಉಗುರುಬೆಚ್ಚಗಿನ ನೀರೇ ಹಾಕಬೇಕು ಅಂತ ಹಿಂದೆಲ್ಲಾ ಹೇಳುತ್ತಿದ್ದರು ಕೂಡ. ಈಗ ಪಶುವೈದ್ಯರು ಹೇಳುವುದು ಬೇರೆ: ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರು ಕೈಗೆ ಸಿಕ್ಕರೂ ಸುರಿಯಿರಿ, ಜೊತೆಗೆ ಗಾಳಿ ಕೊಡಿ. ಎಳೆ ವಯಸ್ಸಿನ ಗಟ್ಟಿಮುಟ್ಟಾದ ನಾಯಿಯನ್ನು, ಅದರ ತಲೆ ನೀರಿನಿಂದ ಮೇಲೆ ಇರುವ ಹಾಗೆ ಹಿಡಿದು, ತಣ್ಣೀರಿನ ಟಬ್ಬಿನಲ್ಲೇ ಕೂರಿಸಬಹುದು. ವಯಸ್ಸಾಗಿದ್ದರೆ, ಮೊದಲೇ ಕಾಯಿಲೆ ಇದ್ದರೆ, ನೀರು ಸುರಿಯುತ್ತಾ ಫ್ಯಾನ್ ಹಾಕುವುದು ಒಳ್ಳೆಯದು. ನೀರು ಕೂದಲ ಮೇಲೆ ಜಾರಿ ಹೋದರೆ ಉಪಯೋಗ ಇಲ್ಲ, ಕೈಯಿಂದ ಕೂದಲು ಬಿಡಿಸಿ ಚರ್ಮ ನೆನೆಯಬೇಕು. ಹೊಟ್ಟೆ, ತೊಡೆ ಸಂದು, ಕಂಕುಳು ಬಿಡಬೇಡಿ. ಮೂಗು ಬಾಯಿಗೆ ಮಾತ್ರ ಎರಚಬೇಡಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡುವುದು ತುಂಬಾ ಜನ ಮಾಡುವ ಕೆಲಸ. ಸ್ವಲ್ಪ ಹೊತ್ತಿಗೆ ಆ ಟವೆಲ್ಲೇ ಬಿಸಿಯಾಗಿ, ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಬೇಕಾದರೆ ನಾಯಿಯ ಅಡಿಗೆ ಹಾಸಿ. ಎಚ್ಚರ ಇದ್ದರೆ ಬಟ್ಟಲಲ್ಲಿ ನೀರಿಡಿ, ತಾನಾಗಿ ಕುಡಿಯಲಿ, ಬಾಯಿ ಬಿಡಿಸಿ ಹುಯ್ಯಬೇಡಿ. 103.5ಕ್ಕೆ ಇಳಿದ ತಕ್ಷಣ ನೀರು ನಿಲ್ಲಿಸಿ ಮೈ ಒರೆಸಿ. ಅದಕ್ಕಿಂತ ಮುಂದುವರಿಸಿದರೆ ತಾಪ ತಾನೇ ಇಳಿದು ಇಳಿದು ಮೈ ತಣ್ಣಗಾಗಿಬಿಡುತ್ತದೆ.

ಇದೆಲ್ಲಾ ಆಸ್ಪತ್ರೆಗೆ ಹೊರಡುವ ಮೊದಲು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ನಮ್ಮ ಊರಿನ ಟ್ರಾಫಿಕ್. ಬನಶಂಕರಿಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಸಂಜೆ ಹೊತ್ತು ಹೋಗಿ ನೋಡಿ. ಸಿಲ್ಕ್ ಬೋರ್ಡ್ ಕಡೆಯವರ ಕಥೆ ಹೇಳುವುದೇ ಬೇಡ. ಸುಡುವ ಮೈಯ ನಾಯಿಯನ್ನು ಕಾರಿನ ಹಿಂದೆ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಅಷ್ಟೂ ಹೊತ್ತು ಅದರ ಕಿಡ್ನಿ, ಲಿವರ್, ಮೆದುಳು ಬೇಯುತ್ತಿರುತ್ತವೆ. ಹಾಗಂತ ಮನೆಯಲ್ಲೇ ಉಳಿಯುವ ಹಾಗೂ ಇಲ್ಲ. ಇಸ್ರೇಲಿನಲ್ಲಿ ಹೀಟ್ ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದ ನಾಯಿಗಳ ಬಗ್ಗೆ 2006ರಲ್ಲಿ ಬಂದ ಅಧ್ಯಯನದಲ್ಲಿ ಅರ್ಧದಷ್ಟು ನಾಯಿ ಸತ್ತವು, ಒಂದೂವರೆ ಗಂಟೆ ಮೀರಿ ತಡವಾಗಿ ಬಂದವುಗಳಿಗೆ ಅಪಾಯ ಇನ್ನೂ ಜಾಸ್ತಿ ಇತ್ತು. ಆದ್ದರಿಂದ ಒಬ್ಬರು ನೀರು ಸುರಿಯಲಿ, ಇನ್ನೊಬ್ಬರು ಹತ್ತಿರದ ಕ್ಲಿನಿಕ್‌ಗೆ ಫೋನ್ ಮಾಡಿ "ಡಾಕ್ಟ್ರು ಇದಾರಾ, ಡ್ರಿಪ್ ಹಾಕಕ್ಕೆ ಆಗುತ್ತಾ" ಅಂತ ಕೇಳಲಿ. ಒದ್ದೆ ಮೈಯಲ್ಲೇ ಎತ್ತಿಕೊಂಡು, ಎಸಿ ಹಾಕಿ ಹೊರಡಿ. ಆಟೋ ಆದರೆ ಇನ್ನೂ ಒಳ್ಳೆಯದು, ಗಾಳಿ ಎರಡೂ ಕಡೆಯಿಂದ ಬರುತ್ತದೆ (ಒದ್ದೆ ನಾಯಿ ಹತ್ತಿಸಿಕೊಳ್ಳುವ ಆಟೋದವರು ಸಿಕ್ಕರೆ). ಅಲ್ಲಿ ಡ್ರಿಪ್, ಆಕ್ಸಿಜನ್, ಸಕ್ಕರೆ ಕಮ್ಮಿ ಆಗಿದ್ದರೆ ಗ್ಲೂಕೋಸ್, ರಕ್ತ ಪರೀಕ್ಷೆ, ಇವೆಲ್ಲಾ ಮಾಡುತ್ತಾರೆ. ಇವು ಯಾವುವೂ ಮನೆಯಲ್ಲಿ ಆಗುವ ಕೆಲಸ ಅಲ್ಲ.

ಇನ್ನು ಸಿಬಿಡಿಗೆ ಬರೋಣ. ನನಗೆ ಅದರ ಮೇಲೆ ದ್ವೇಷ ಏನಿಲ್ಲ. ಗಾಂಜಾ ಗಿಡದಲ್ಲಿರುವ ಒಂದು ಅಂಶ ಅದು, ಅಮಲು ಏರಿಸುವ ಟಿಎಚ್‌ಸಿ ಬೇರೆ, ಇದು ಬೇರೆ. ಕೀಲು ಸವೆದ ನಾಯಿಗಳಿಗೆ ಕೊಟ್ಟಾಗ ನೋವು ಕಡಿಮೆ ಆಯಿತು ಅಂತ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದರು. ಫಿಟ್ಸ್ ಬರುವ ನಾಯಿಗಳ ಮೇಲೆ ಕೊಲೊರಾಡೊದಲ್ಲಿ 2019ರಲ್ಲಿ ಇನ್ನೊಂದು ಅಧ್ಯಯನ ಆಯಿತು, ಮಾಮೂಲಿ ಮಾತ್ರೆ ಜೊತೆ ಕೊಟ್ಟಾಗ ಫಿಟ್ಸ್ ಸ್ವಲ್ಪ ಇಳಿಯಿತು. ಹಳೇ ಕಾಯಿಲೆಗೆ, ಡಾಕ್ಟರ್ ಹೇಳಿದ ಅಳತೆಯಲ್ಲಿ, ಸರಿ. ಆದರೆ ಹೀಟ್ ಸ್ಟ್ರೋಕ್‌ಗೂ ಅದಕ್ಕೂ ಏನು ಸಂಬಂಧ? ಮೈಯೊಳಗಿನ ಶಾಖ ಹೊರಗೆ ಹಾಕುವ ಕೆಲಸವನ್ನು ಸಿಬಿಡಿ ಮಾಡುವುದಿಲ್ಲ. ಬಾಯಿಗೆ ಹಾಕಿದ ಎಣ್ಣೆ ರಕ್ತದಲ್ಲಿ ಪೂರ್ತಿ ಏರಲು ಗಂಟೆಗಿಂತ ಜಾಸ್ತಿ ಬೇಕು, ಅದೂ ಹೊಟ್ಟೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ. ಬಿಸಿಲು ಹೊಡೆದ ನಾಯಿಯ ಕರುಳಿಗೆ ರಕ್ತವೇ ಸರಿಯಾಗಿ ಹೋಗುತ್ತಿರುವುದಿಲ್ಲ. ಅರೆಪ್ರಜ್ಞೆಯಲ್ಲಿ ಏದುಸಿರು ಬಿಡುತ್ತಿರುವ ಬಾಯಿಗೆ ಎಣ್ಣೆ ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುವ ಸಾಧ್ಯತೆ ಬೇರೆ.

"ಶಾಂತ ಆಗ್ತಾನೆ ಅಂತ ಕೊಟ್ಟೆ" ಅನ್ನುತ್ತಾರೆ. ಅದೇ ತೊಂದರೆ. ಸಿಬಿಡಿಯಿಂದ ಮಂಪರು ಬರಬಹುದು, ವಾಂತಿ ಭೇದಿ ಆಗಬಹುದು. ಮಂಪರು, ವಾಂತಿ, ಭೇದಿ ಇವೇ ತಾನೇ ನಾವು ಮೇಲೆ ಹೇಳಿದ ಲಕ್ಷಣಗಳು? ನಾಯಿ ಸುಮ್ನೆ ಮಲಗಿದೆ ಅಂತ ನೀವು ನೆಮ್ಮದಿಯಾಗಿರುತ್ತೀರಿ, ಅದು ಕೋಮಾಕ್ಕೆ ಜಾರುತ್ತಿರುತ್ತದೆ. ಬಾಟಲಿಯಲ್ಲಿ ಟಿಎಚ್‌ಸಿ ಸೇರಿದ್ದರಂತೂ ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಗೊತ್ತಿಲ್ಲದೆ ಉಚ್ಚೆ ಹೊಯ್ದುಕೊಳ್ಳುತ್ತದೆ. ಡಾಕ್ಟರಿಗೆ ಯಾವುದು ಬಿಸಿಲಿನದ್ದು, ಯಾವುದು ಎಣ್ಣೆಯದ್ದು ಅಂತ ಬಿಡಿಸುವುದೇ ಕಷ್ಟ. ಅದೂ ಅಲ್ಲದೆ ಎಲ್ಲಾ ಬಾಟಲಿಯೂ ಸಿಬಿಡಿ ಅಲ್ಲ. "ಹೆಂಪ್ ಸೀಡ್ ಆಯಿಲ್" ಅಂತ ಬರೆದಿದ್ದರೆ ಅದು ಬೀಜದ ಎಣ್ಣೆ, ಅಡುಗೆಗೂ ಬಳಸುವಂಥದ್ದು, ಅದರಲ್ಲಿ ಸಿಬಿಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಯುರ್ವೇದದ ಲೈಸೆನ್ಸಿನಲ್ಲಿ ಎಲೆಯಿಂದ ತೆಗೆದಿದ್ದನ್ನು "ವಿಜಯಾ" ಅನ್ನುವ ಹೆಸರಲ್ಲಿ ಮಾರುತ್ತಾರೆ, 1985ರ ಮಾದಕವಸ್ತು ಕಾಯ್ದೆಯಲ್ಲಿ ಎಲೆಗೆ ವಿನಾಯಿತಿ ಇರುವುದರಿಂದ. ಅದೂ ಮನುಷ್ಯರಿಗೆ ಡಾಕ್ಟರ್ ಚೀಟಿ ಮೇಲೆ ಕೊಡುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಪ್ರಾಣಿಗಳಿಗೆ ಅಂತ ಯಾವ ಸಿಬಿಡಿ ಔಷಧಿಯನ್ನೂ ಒಪ್ಪಿಲ್ಲ.

ಮಿಕ್ಕ ಮನೆಮದ್ದು ಬೇಗ ಮುಗಿಸುತ್ತೇನೆ. ಹರಳೆಣ್ಣೆ ತಲೆಗೆ ಹಚ್ಚಿದರೆ ನಮಗೆ ತಂಪು ಅನ್ನಿಸಬಹುದು, ನಾಯಿಯ ಕೂದಲಿಗೆ ಎಣ್ಣೆ ಮೆತ್ತಿದರೆ ನೀರು ಚರ್ಮಕ್ಕೇ ಇಳಿಯುವುದಿಲ್ಲ. ಈರುಳ್ಳಿ ನಾಯಿಗೆ ವಿಷ, ಈರುಳ್ಳಿ ಹೆಚ್ಚಿ ಹಾಕಿದ ಮಜ್ಜಿಗೆ ಕೂಡ ಬೇಡ. ಪ್ಯಾರಾಸಿಟಮಾಲ್ ಕೊಡಲೇಬೇಡಿ. ಇದು ಜ್ವರ ಅಲ್ಲ, ಮೆದುಳು ತಾನಾಗಿ ಏರಿಸಿದ ತಾಪ ಅಲ್ಲ, ಹಾಗಾಗಿ ಜ್ವರದ ಮಾತ್ರೆಗೆ ಇಳಿಯುವುದೂ ಇಲ್ಲ. ಮೊದಲೇ ಪೆಟ್ಟು ತಿಂದ ಲಿವರ್‌ಗೆ ಇನ್ನೊಂದು ಏಟು, ಅಷ್ಟೇ.

ಗುಂಡ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಆಂಟಿ "ಎದ್ದು ಬಾಲ ಅಲ್ಲಾಡಿಸ್ತಿದಾನಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ ಸಾರ್" ಅಂದಾಗ ಡಾಕ್ಟರ್ ಬಿಡಲಿಲ್ಲ, ಸರಿಯಾಗಿಯೇ ಮಾಡಿದರು. ಕಿಡ್ನಿ, ಲಿವರ್, ರಕ್ತ ಹೆಪ್ಪುಗಟ್ಟುವುದರ ತೊಂದರೆ ಒಂದರಿಂದ ಮೂರು ದಿನ ಬಿಟ್ಟು ಬೇಕಾದರೂ ತಲೆ ಎತ್ತಬಹುದು. ಮನೆಗೆ ಬಂದ ಮೇಲೂ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತಾ, ಕಮ್ಮಿ ಆಯಿತಾ, ಮಲದಲ್ಲಿ ರಕ್ತ ಇದೆಯಾ ಅಂತ ನೋಡುತ್ತಿರಬೇಕು, ಎರಡನೇ ಸಲದ ರಕ್ತ ಪರೀಕ್ಷೆಯನ್ನು ದುಡ್ಡು ದಂಡ ಅಂತ ಬಿಡಬಾರದು. ನಿಮ್ಮ ನಾಯಿಗೆ ಮೊದಲಿಂದಲೂ ಕೀಲು ನೋವಿಗೋ ಇನ್ನೇನಕ್ಕೋ ಸಿಬಿಡಿ ಕೊಡುತ್ತಿದ್ದರೆ, ಬೈತಾರೆ ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅದು ಲಿವರ್ ಪರೀಕ್ಷೆಯಲ್ಲಿ ಎಎಲ್‌ಪಿ ಅನ್ನುವ ಅಂಕಿಯನ್ನು ಏರಿಸುತ್ತದೆ, ಬೇರೆ ಔಷಧಿಗಳು ಮೈಯಲ್ಲಿ ಕರಗುವುದನ್ನೂ ನಿಧಾನ ಮಾಡಬಹುದು. ರಿಪೋರ್ಟ್ ನೋಡುವವರಿಗೆ ಇದು ಗೊತ್ತಿಲ್ಲದಿದ್ದರೆ ಏರಿದ್ದು ಬಿಸಿಲಿನಿಂದಲಾ ಎಣ್ಣೆಯಿಂದಲಾ ತಿಳಿಯುವುದಿಲ್ಲ. ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.